ಎಡಗಡೆಗೊಂದು ಪೆಟ್ಟು

ಮೂರು ರಾತ್ರಿ ನಿದ್ದೆಗೆಟ್ಟು ಕಂಪ್ಯೂಟರಿನ ಸೌಂಡ್ ಸರಿ ಮಾಡಿದ್ದು ನಾನು. ಹೆಸರು ಬಂದದ್ದು ಅಪ್ಪನ ಅಂಗೈಗೆ. ಇವತ್ತು ಬೆಳಿಗ್ಗೆ ಹಾಲಿನವನಿಗೂ ಆ ಕಥೆ ಹೇಳಿ ಕಳಿಸಿದ್ದಾರೆ.

ಮಡಿಕೇರಿಯ ಮಳೆಗಾಲ ಗೊತ್ತಲ್ವಾ. ಎಲ್ಲೋ ಒಂದು ಸಿಲ್ವರ್ ಮರ ಲೈನ್ ಮೇಲೆ ಬೀಳ್ತದೆ, ಕರೆಂಟ್ ಹೋಗ್ತದೆ. ಮನೆಯ ಯುಪಿಎಸ್ ಎರಡು ಬಲ್ಬು ಹೊತ್ತಿಸುವಷ್ಟರಲ್ಲೇ ಸುಸ್ತು. ಕರೆಂಟ್ ಬಂದಾಗ ಕಂಪ್ಯೂಟರ್ ಹೊಸದಾಗಿ ಏಳಬೇಕು. ಎದ್ದಾಗಲೆಲ್ಲ ಮೂಕ. ಹಳೇ ಪೆಟ್ಟಿಗೆ ಅಂತ ವಿಂಡೋಸ್ ಬದಲು ಲಿನಕ್ಸ್ ಹಾಕಿದ್ದೇನೆ. ಅದರಲ್ಲಿ ಸದ್ದಿನ ಉಸ್ತುವಾರಿ ಆಲ್ಸಾ ಅನ್ನುವ ಸಾಫ್ಟ್‌ವೇರಿನದ್ದು. 1998ರಲ್ಲಿ ಶುರುವಾದದ್ದಂತೆ. ಹೆಸರಲ್ಲೇ ಆಲಸ್ಯ ಇದೆ ಅಂತ ನನ್ನ ಅನುಮಾನ.

ಅಪ್ಪನಿಗೆ ಸಂಜೆ ಹಳೇ ಹಾಕಿ ಮ್ಯಾಚ್ ಬೇಕು. 1997ರಲ್ಲಿ ಕೊಡಗಿನ ಕರಡದಲ್ಲಿ ಕೊಡವ ಮನೆತನಗಳ ಕೌಟುಂಬಿಕ ಹಾಕಿ ಶುರುವಾದಾಗ ಗ್ಯಾಲರಿಯಲ್ಲಿ ಕೂತಿದ್ದವರು. ಯಾರು ಗೆದ್ದರು, ಎಷ್ಟು ಗೋಲು, ಎಲ್ಲ ಬಾಯಿಪಾಠ. ಆದರೂ ಕೊಡವ ಭಾಷೆಯ ಕಾಮೆಂಟರಿ ಕಿವಿಗೆ ಬೀಳದಿದ್ದರೆ ಅದು ಹಾಕಿಯೇ ಅಲ್ಲ.

ಶುರುವಿನಲ್ಲೇ ಮ್ಯೂಟ್ ತೆಗೆಯಲಿ ಅಂತ ಆರ್‌ಸಿ ಡಾಟ್ ಲೋಕಲ್ ಅನ್ನುವ, ಕಂಪ್ಯೂಟರ್ ಏಳುವಾಗ ತಾನಾಗಿ ಓಡುವ ಸ್ಕ್ರಿಪ್ಟ್ ಫೈಲಿನಲ್ಲಿ ಒಂದು ಸಾಲು ಬರೆದೆ. ಓಡಲಿಲ್ಲ. ಫೈಲಿಗೆ ಓಡುವ ಅನುಮತಿಯನ್ನೇ ನಾನು ಕೊಟ್ಟಿರಲಿಲ್ಲ. ಕೊಟ್ಟೆ. ಓಡಿತು, ಆದರೆ ಸೌಂಡ್ ಕಾರ್ಡ್ ಕಣ್ಣು ಬಿಡುವ ಮೊದಲೇ ಓಡಿ ಮುಗಿಸಿತ್ತು. ಎರಡನೇ ರಾತ್ರಿ ಹನ್ನೊಂದಕ್ಕೆ ಸ್ಪೀಕರ್ ಟೆಸ್ಟ್ ಹಾಕಿದೆ. ಫುಲ್ ವಾಲ್ಯೂಮಿನಲ್ಲಿ ಒಬ್ಬಳು ಹೆಂಗಸು 'ಫ್ರಂಟ್ ಲೆಫ್ಟ್' ಅಂದಳು. ಒಳಗಿಂದ ಅಮ್ಮ, "ಯಾರ್ರೀ ಅದು ಈ ಹೊತ್ತಲ್ಲಿ?" ಅಪ್ಪ ಹೊದಿಕೆಯೊಳಗಿಂದಲೇ, "ಯಾರಾದ್ರೂ ಆಗ್ಲಿ, ಮಳೆಯಲ್ಲಿ ನಿಲ್ಲಿಸ್ಬೇಡ, ಒಳಗೆ ಕರಿ."

ಕೊನೆಗೆ ಆ ಸಾಲಿನ ಮುಂದೆ 'ಸ್ಲೀಪ್ 30' ಅಂತ ಸೇರಿಸಿದೆ. ಅರ್ಧ ನಿಮಿಷ ಮಲಗು, ಆಮೇಲೆ ಮ್ಯೂಟ್ ತೆಗೆ. ಎಡವಟ್ಟಾದದ್ದು ಆ ಅರ್ಧ ನಿಮಿಷದಲ್ಲೇ.

ಅಪ್ಪ ರೇಡಿಯೋ ಕಾಲದವರು. ಕೊರಕೊರ ಅಂದರೆ ಪೆಟ್ಟು, ಸುಮ್ಮನಾದರೂ ಪೆಟ್ಟು. ಅದಕ್ಕೊಂದು ಕ್ರಮ ಇದೆ. ಅಂಗೈ ಸ್ವಲ್ಪ ಬಟ್ಟಲು ಮಾಡಬೇಕು. ಎಡಗಡೆ, ಮೇಲಿಂದ ನಾಲ್ಕು ಬೆರಳು ಕೆಳಗೆ. "ಬಲಗಡೆ ಹೊಡೆದ್ರೆ ಸ್ಟೇಷನ್ ಬದಲಾಗ್ತದೆ." ಜೋರಾಗಿ ಅಲ್ಲ, ಕರುವಿನ ಬೆನ್ನು ತಟ್ಟುವ ಹಾಗೂ ಅಲ್ಲ, ಎರಡರ ನಡುವೆ. ಇದೇ ವಿದ್ಯೆಯನ್ನು ಮಿಕ್ಸಿ, ಟಾರ್ಚು, ಒಮ್ಮೆ ಗ್ಯಾಸ್ ಒಲೆಯ ಮೇಲೂ ಪ್ರಯೋಗಿಸಿದ್ದಾರೆ. ಕಂಪ್ಯೂಟರ್ ಎದ್ದಿತು, ಹಾಕಿ ಶುರುವಾಯಿತು, ಸದ್ದಿಲ್ಲ. ಅಪ್ಪ ಕಾಫಿ ಲೋಟ ಕೆಳಗಿಟ್ಟರು, ಬಾಗಿದರು, ಎಡಗಡೆ ಒಂದು ಬಿಟ್ಟರು. ಮೂವತ್ತನೇ ಸೆಕೆಂಡ್. "ಗೋಲ್!" ಅಂತ ಕಾಮೆಂಟರಿಯವರು ಕೂಗಿಕೊಂಡರು.

"ನೋಡ್ದ?"

ಸ್ಕ್ರಿಪ್ಟು, ಸ್ಲೀಪು ಎಲ್ಲ ವಿವರಿಸಿದೆ. "ಮತ್ತೆ ನಾನು ಹೊಡೆಯುವವರೆಗೆ ಯಾಕೆ ಮಲಗಿತ್ತು?" ಅಂದರು. ತಾಂತ್ರಿಕವಾಗಿ ಸರಿಯಾದ ಪ್ರಶ್ನೆ.

ಆ ರೇಡಿಯೋ ಈಗಲೂ ಕಪಾಟಿನ ಮೇಲಿದೆ. ಅದರ ಮುಂದೆ ಒಂದು ಕಾಲದಲ್ಲಿ ಆರು ಜನ ಮಂಡಿ ಮಡಚಿ ಕೂರ್ತಿದ್ದೆವು. ಅಪ್ಪ ಪೆಟ್ಟು ಕೊಟ್ಟರೆ ಎಲ್ಲರೂ ಉಸಿರು ಬಿಗಿ ಹಿಡಿಯೋದು. ಅಕ್ಕ ಮೈಸೂರಿಗೆ ಹೋದಳು, ತಮ್ಮ ಬೆಂಗಳೂರಿಗೆ. ಪೆಟ್ಟು ನೋಡೋಕೆ ಉಳಿದವನು ನಾನೊಬ್ಬನೇ.

ನಿಜವಾದ ಕಾರಣ ಇವತ್ತು ಹೊಳೆಯಿತು, ಹೊಟ್ಟೆಕಿಚ್ಚಿನಲ್ಲಿ. ಸರಿಯಾಗಿ ಶಟ್‌ಡೌನ್ ಮಾಡಿದಾಗ ಮಾತ್ರ ಲಿನಕ್ಸ್ ಸೌಂಡಿನ ಸೆಟ್ಟಿಂಗ್ ತಾನಾಗಿ ಬರೆದಿಟ್ಟುಕೊಳ್ತದೆ. ಎದ್ದಾಗ ಅದನ್ನೇ ಓದ್ತದೆ. ಯಾವತ್ತೋ ಮ್ಯೂಟ್ ಆಗಿದ್ದಾಗ ಬರೆದಿಟ್ಟದ್ದು, ಅಷ್ಟೇ. ಆಮೇಲೆ ಶಟ್‌ಡೌನ್ ಮಾಡೋಕೆ ಕರೆಂಟ್ ನಮಗೆ ಪುರುಸೊತ್ತು ಕೊಟ್ಟಿಲ್ಲ. 'ಆಲ್ಸಾಸಿಟಿಎಲ್ ಸ್ಟೋರ್' ಅಂತ ಒಂದೇ ಸಾಲು ಕೊಟ್ಟೆ, ಈಗಿನ ಸೆಟ್ಟಿಂಗ್ ಈಗಲೇ ಬರೆದಿಡು ಅಂತ. ಸ್ಕ್ರಿಪ್ಟು ಕಿತ್ತು ಹಾಕಿದೆ.

ಸಂಜೆ ಕಂಪ್ಯೂಟರ್ ಏಳುತ್ತಲೇ ಸದ್ದು ಬಂತು. ಪೆಟ್ಟಿಲ್ಲದೆ. ಅಪ್ಪನ ಮುಖ ನೋಡಿದೆ. ಅಷ್ಟರಲ್ಲಿ ಮಳೆ ಧೋ ಅಂತ ಹಿಡಿಯಿತು. ತಗಡಿನ ಶೀಟಿನ ಮೇಲೆ ಆ ಗದ್ದಲ, ಕಾಮೆಂಟರಿ ಒಂದಕ್ಷರ ಕೇಳಲಿಲ್ಲ. ಅಪ್ಪ ಎದ್ದರು. ಲೋಟ ಕೆಳಗಿಟ್ಟರು. ಎಡಗಡೆ ಒಂದು ಬಿಟ್ಟರು.

ಮಳೆ ಸ್ವಲ್ಪ ಇಳಿಯಿತು. ಅಪ್ಪ ನನ್ನ ಕಡೆ ತಿರುಗಿ ನೋಡಿದರು.