ಎಷ್ಟನೇ ಓನರ್, ಸಾರ್?

ನಮ್ಮ ಬಡಾವಣೆಯಲ್ಲಿ ಹಳೆಯ ಕಾರುಗಳ ದಲ್ಲಾಳಿಯೊಬ್ಬರಿದ್ದಾರೆ. ಗಾಡಿ ನೋಡಲು ಹೊರಟರೆ ಅವರ ಜೇಬಿನಲ್ಲಿ ಎರಡೇ ಸಾಮಾನು: ಒಂದು ಸಣ್ಣ ಅಯಸ್ಕಾಂತ, ಒಂದು ಎಲೆ-ಅಡಿಕೆ ಡಬ್ಬಿ. ಅಯಸ್ಕಾಂತವನ್ನು ಬಾಗಿಲಿನ ಕೆಳತುದಿಗೆ, ಚಕ್ರದ ಮೇಲಿನ ಕಮಾನಿಗೆ ಹಿಡಿದು ನೋಡುತ್ತಾರೆ. ಅಂಟಿಕೊಂಡರೆ ತಗಡು, ಜಾರಿ ಬಿದ್ದರೆ ಪುಟ್ಟಿ. ಆಮೇಲೆ ಎಲೆಗೆ ಸುಣ್ಣ ಸವರುತ್ತ ಮೂರು ಪ್ರಶ್ನೆ ಕೇಳುತ್ತಾರೆ. ಎಷ್ಟನೇ ಓನರ್? ಮೀಟರ್ ಮುಟ್ಟಿದ್ದಾರೆಯೇ? ಗಾಡಿ ಇಷ್ಟು ಚೆನ್ನಾಗಿದ್ದರೆ ಮಾರುವುದೇಕೆ? ಎರಡು ವರ್ಷಗಳ ಹಿಂದೆ ಈ ಮೂರನ್ನೂ ಕೇಳದೆ, 'ಡಾಕ್ಟರ್ ಓಡಿಸಿದ ಗಾಡಿ' ಎಂಬ ಒಂದೇ ಮಾತಿಗೆ ಮರುಳಾಗಿ ನಾನೊಂದು ಕಾರು ಕೊಂಡಿದ್ದೆ. ಡಾಕ್ಟರು ಓಡಿಸಿದ್ದು ನಿಜವೇ ಇರಬೇಕು. ತಂದ ವಾರದಲ್ಲೇ ಅದು ತೀವ್ರ ನಿಗಾ ಘಟಕ ಸೇರಿತು.

ಹಾಗಾಗಿ ಮೊನ್ನೆ ಸಂಜೆ ಅಮೆರಿಕದ ಕ್ರೈಸ್ಲರ್ ಕಂಪನಿಯ ಕಥೆಯನ್ನು ನಾನು ಹೇಳಿದ್ದು ಇದೇ ದಲ್ಲಾಳಿಗೆ. 2025ರ ಜೂನ್‌ಗೆ ಕಂಪನಿಗೆ ನೂರು ವರ್ಷ ತುಂಬಿತು. ಹಳೆಯ ಕಾರು ಕೈಯಿಂದ ಕೈಗೆ ದಾಟುವುದು ಲೋಕರೂಢಿ. ಕಾರು ತಯಾರಿಸುವ ಕಾರ್ಖಾನೆಯೇ ಹಳೆಯ ಕಾರಿನ ಹಾಗೆ ಕೈ ಬದಲಿಸುತ್ತ ಹೋದರೆ ಅದಕ್ಕೆ ಬೆಲೆ ಕಟ್ಟಲು ಅರ್ಥಶಾಸ್ತ್ರಜ್ಞರಿಗಿಂತ ದಲ್ಲಾಳಿಯೇ ವಾಸಿ.

"ಮೊದಲನೇ ಓನರ್ ಹೇಗೆ?" ಎಂದರು.

ಮೊದಲನೆಯವರು ಚಿನ್ನದಂಥವರು. ವಾಲ್ಟರ್ ಕ್ರೈಸ್ಲರ್ ರೈಲ್ವೆ ಕಾರ್ಖಾನೆಯಲ್ಲಿ ಸ್ಪ್ಯಾನರ್ ಹಿಡಿದು ಬೆಳೆದ ಮನುಷ್ಯ. 1908ರಲ್ಲಿ ಶಿಕಾಗೋದ ಮೋಟಾರು ಪ್ರದರ್ಶನದಲ್ಲಿ ಬಿಳಿ ಬಣ್ಣದ ಲೋಕೋಮೊಬೈಲ್ ಕಾರೊಂದನ್ನು ಕಂಡು ಮನಸೋತರು. ಬೆಲೆ 5,000 ಡಾಲರ್, ಕೈಯಲ್ಲಿದ್ದದ್ದು 700. ಮಿಕ್ಕಿದ್ದಕ್ಕೆ ಸಾಲ ಮಾಡಿ ಕಾರನ್ನು ಮನೆಗೆ ತರಿಸಿದರು. ತಂದವರು ಓಡಿಸಿದರೇ? ಇಲ್ಲ. ಕೊಟ್ಟಿಗೆಯಲ್ಲಿ ನಿಲ್ಲಿಸಿ ಪೂರ್ತಿ ಬಿಚ್ಚಿ, ಒಂದೊಂದು ಭಾಗವನ್ನೂ ಹರವಿಕೊಂಡು, ಮತ್ತೆ ಜೋಡಿಸಿ, ಮತ್ತೆ ಬಿಚ್ಚಿದರು. ತಿಂಗಳುಗಟ್ಟಲೆ ಇದೇ ಪೂಜೆ. ಹೆಂಡತಿಗೆ ಸವಾರಿಯ ಯೋಗ ಬಹಳ ದಿನ ಕೂಡಿಬರಲಿಲ್ಲ. ಆ ಕಂಪನಿಯ ಕಾರು ಕೊಂಡ ಎಷ್ಟೋ ಮಂದಿಯ ಗಾಡಿಯೂ ಮುಂದೆ ಹೀಗೆಯೇ ಬಿಚ್ಚಿಟ್ಟ ಸ್ಥಿತಿಯಲ್ಲಿ ತಿಂಗಳುಗಟ್ಟಲೆ ನಿಂತದ್ದುಂಟು. ಸಂಸ್ಥಾಪಕರ ಸಂಪ್ರದಾಯ ಎಂದುಕೊಳ್ಳಬೇಕು.

1925ರಲ್ಲಿ ಕಂಪನಿ, 1928ರಲ್ಲಿ ಡಾಡ್ಜ್ ಎಂಬ ಇನ್ನೊಂದು ಕಾರು ಕಂಪನಿಯ ಖರೀದಿ, ಮರುವರ್ಷವೇ ನ್ಯೂಯಾರ್ಕಿನಲ್ಲಿ ಮುಗಿಲಿಗೆ ಏಣಿ. ಕ್ರೈಸ್ಲರ್ ಕಟ್ಟಡದ ತುದಿಯ 125 ಅಡಿಯ ಉಕ್ಕಿನ ಮೊನೆಯನ್ನು ಒಳಗೊಳಗೇ ಗುಟ್ಟಾಗಿ ಜೋಡಿಸಿ, ಪೈಪೋಟಿಯಲ್ಲಿದ್ದ ಇನ್ನೊಂದು ಕಟ್ಟಡದವರು ನಾವೇ ಎತ್ತರ ಎಂದು ನಿಟ್ಟುಸಿರು ಬಿಡುವಷ್ಟರಲ್ಲಿ ಮೇಲಕ್ಕೆತ್ತಿದರು. ಆ ಕಟ್ಟಡದ ಮೂಲೆಗಳಲ್ಲಿ ಇವತ್ತಿಗೂ ಕಾರಿನ ರೇಡಿಯೇಟರ್ ಮುಚ್ಚಳದ ಉಕ್ಕಿನ ಶಿಲ್ಪಗಳಿವೆ. ಕಂಪನಿಯ ರೇಡಿಯೇಟರ್ ಮುಚ್ಚಳಗಳ ಪೈಕಿ ತುಕ್ಕು ಹಿಡಿಯದೆ ಉಳಿದವು ಇವೇ ಎಂದು ಹೇಳಿದರೆ ಅತಿಯಾದೀತು, ಆದರೂ ಹೇಳಿಬಿಡುತ್ತೇನೆ.

ತುಕ್ಕಿನ ಮಾತು ಬಂದದ್ದೇ ದಲ್ಲಾಳಿಗಳು ಜೇಬಿಗೆ ಕೈ ಹಾಕಿ ಅಯಸ್ಕಾಂತ ತೆಗೆದು ಮೇಜಿನ ಮೇಲಿಟ್ಟರು.

1957ರಲ್ಲಿ ಕಂಪನಿ ಮೀನಿನ ರೆಕ್ಕೆಯಂಥ ಬಾಲವಿದ್ದ, ನೆಲಕ್ಕೆ ತಗ್ಗಿದ, ಕಣ್ಣು ಕೋರೈಸುವ ಕಾರುಗಳನ್ನು ಬಿಟ್ಟಿತು. ಅವುಗಳಲ್ಲೊಂದಾದ ಪ್ಲೈಮೌತ್‌ನ ಜಾಹೀರಾತು 'ಇದ್ದಕ್ಕಿದ್ದಂತೆ 1960 ಬಂದುಬಿಟ್ಟಿತು' ಎಂದು ಸಾರಿತು. ಸುಳ್ಳೇನಲ್ಲ. ಅವಸರದಲ್ಲಿ ತಯಾರಾದ ಆ ಕಾರುಗಳೊಳಗೆ ಮಳೆನೀರು ಇಳಿಯಿತು, ತಗಡು ತುಕ್ಕು ತಿಂದಿತು. ಕಾರಿನ ವಯಸ್ಸು ಮಾತ್ರ ಜಾಹೀರಾತಿನ ಮಾತಿನಂತೆ ಮೂರು ವರ್ಷ ಮುಂದಕ್ಕೆ ಓಡಿತು.

ಅದೇ ಕಂಪನಿ 1960ರ ಮಾದರಿಗೆ ಓರೆಯಾಗಿ ಕೂರಿಸಿದ ಆರು ಸಿಲಿಂಡರಿನ ಎಂಜಿನ್ ತಂದಿತು. ಇದರ ಗುಣಗಾನ ಮಾಡುವವರು ಅಮೆರಿಕದಲ್ಲಿ ಇವತ್ತಿಗೂ ಸಿಗುತ್ತಾರೆ. ಎಣ್ಣೆ ಹಾಕದಿದ್ದರೂ ಓಡುತ್ತದೆ, ಬೈದರೂ ಓಡುತ್ತದೆ. ಸುತ್ತಲಿನ ತಗಡು ಉದುರಿ, ಕಾಲಡಿಯಲ್ಲಿ ರಸ್ತೆ ಕಾಣುವಂತಾದರೂ ಎಂಜಿನ್ ಗೊಣಗದೆ ಗುನುಗುತ್ತಿರುತ್ತದೆ. ಶರೀರ ನಶ್ವರ, ಆತ್ಮ ಅವಿನಾಶಿ ಎಂಬುದನ್ನು ನಮ್ಮವರು ಹದಿನೆಂಟು ಅಧ್ಯಾಯಗಳಲ್ಲಿ ಹೇಳಿದರು. ಕಂಪನಿಯ ತವರೂರು ಡೆಟ್ರಾಯಿಟ್‌ನವರು ಒಂದು ಕಾರಿನಲ್ಲಿ ತೋರಿಸಿದರು. ಆ ಎಂಜಿನ್ನಿನ ಹೆಸರುವಾಸಿ ಕಾರುಗಳ ಜಾಗಕ್ಕೆ 1976ರಲ್ಲಿ ಬಂದ ಆಸ್ಪೆನ್, ವೊಲಾರೆ ಜೋಡಿಗೆ ಪತ್ರಿಕೆಯೊಂದು ವರ್ಷದ ಕಾರು ಎಂಬ ಪ್ರಶಸ್ತಿ ಕೊಟ್ಟಿತು. ಪ್ರಶಸ್ತಿಯ ಹಿಂದೆಯೇ ದುರಸ್ತಿಗೆ ವಾಪಸು ಕರೆಯುವ ಪತ್ರಗಳು ಸಾಲುಗಟ್ಟಿದವು. ಮುಂದಿನ ಫೆಂಡರುಗಳನ್ನು ಕಂಪನಿಯೇ ಬದಲಿಸಿಕೊಡಬೇಕಾಯಿತು.

"ಕೊರಿಂಥಿಯನ್ ಚರ್ಮ ಅಂತ ಒಂದಿತ್ತಲ್ಲ?" ದಲ್ಲಾಳಿಗಳಿಗೆ ಇದೆಲ್ಲ ಎಲ್ಲಿಂದ ಗೊತ್ತೋ! ಹೌದು, ಕಾರ್ಡೋಬ ಕಾರಿನ ಆಸನಕ್ಕೆ ಆ ಹೆಸರಿಟ್ಟಿದ್ದರು. ಗ್ರೀಸಿನ ಕೊರಿಂಥಿಗೂ ಅದಕ್ಕೂ ಸಂಬಂಧವಿರಲಿಲ್ಲ, ಹೆಸರು ಹುಟ್ಟಿದ್ದು ಜಾಹೀರಾತು ಕಚೇರಿಯಲ್ಲಿ. ಸೂರತ್ತಿನ ಸೀರೆಗೆ ಮೈಸೂರು ಸಿಲ್ಕ್ ಎಂದು ಚೀಟಿ ಅಂಟಿಸುವವರನ್ನು ಕಂಡಿರುವ ನಮಗೆ ಇದರಲ್ಲಿ ಅಚ್ಚರಿಪಡುವಂಥದ್ದೇನೂ ಇಲ್ಲ.

1979ರ ಹೊತ್ತಿಗೆ ಕಂಪನಿ ನೆಲ ಕಚ್ಚಿತು. ಗಿರಾಕಿ ಕೇಳದಿದ್ದರೂ ಕಾರು ಮಾಡಿ ಮಾಡಿ ಮೈದಾನಗಳಲ್ಲಿ ನಿಲ್ಲಿಸುವುದು ಅಲ್ಲಿನ ಪದ್ಧತಿಯಾಗಿತ್ತು. ಬೇರೊಂದು ಕಂಪನಿಯಿಂದ ಹೊರಬಿದ್ದಿದ್ದ ಲೀ ಅಯಕೋಕ ಬಂದರು, ಒಂದು ಡಾಲರ್ ಸಂಬಳ ಎಂದರು, ಸರ್ಕಾರದ ಮುಂದೆ ನಿಂತು 150 ಕೋಟಿ ಡಾಲರ್ ಸಾಲಕ್ಕೆ ಜಾಮೀನು ಪಡೆದರು. ಮುಕ್ತ ಮಾರುಕಟ್ಟೆ ಎಂಬ ದೇವರನ್ನು ಜಗತ್ತಿಗೆಲ್ಲ ಹಂಚಿದ ದೇಶ, ತನ್ನ ಮನೆ ಮಗ ಸಾಲಗಾರನಾದಾಗ ಆ ದೇವರ ಫೋಟೊವನ್ನು ಗೋಡೆಗೆ ತಿರುಗಿಸಿ ಜಾಮೀನು ಪತ್ರಕ್ಕೆ ಸಹಿ ಹಾಕಿತು. ಸಾಲವೇನೋ ಅವಧಿಗೆ ಏಳು ವರ್ಷ ಮುಂಚೆ, 1983ರಲ್ಲೇ ತೀರಿತು. ಅದೇ ವರ್ಷ ಬಂದ ಮಿನಿವ್ಯಾನಿನಲ್ಲಿ ಮಕ್ಕಳು, ಮುದುಕರು, ನಾಯಿ, ಫುಟ್‌ಬಾಲ್, ಪ್ಲೈವುಡ್ ಹಲಗೆ ಎಲ್ಲವೂ ಹಿಡಿಸಿದವು. ಅಮೆರಿಕದ ಸಂಸಾರಗಳು ಅದನ್ನು ಮನಸಾರೆ ಒಪ್ಪಿದವು. ನಾನು ಇಲ್ಲಿ ವ್ಯಂಗ್ಯವಾಡುತ್ತಿಲ್ಲ. ಅದು ನಿಜಕ್ಕೂ ಒಳ್ಳೆಯ ಗಾಡಿ. ಆ ಕಾಲದ ಕೆಲವು ಕಾರುಗಳು ಮಾತನ್ನೂ ಆಡುತ್ತಿದ್ದವು. ಬಾಗಿಲು ತೆರೆದಿದೆ ಎಂದು ಗಂಡಸಿನ ದನಿಯಲ್ಲಿ ಎಚ್ಚರಿಸಿ, ಹಾಕಿದ ಮೇಲೆ ಥ್ಯಾಂಕ್ ಯೂ ಎನ್ನುತ್ತಿದ್ದವು. ಗೇರ್‌ಬಾಕ್ಸ್ ಹೋಗಿದೆ ಎಂದು ಹೇಳುವಷ್ಟು ಪ್ರಾಮಾಣಿಕತೆಯನ್ನು ಮಾತ್ರ ಅವಕ್ಕೆ ಕಲಿಸಿರಲಿಲ್ಲ. 1989ರಲ್ಲಿ ಬಂದ ಹೊಸ ಎಲೆಕ್ಟ್ರಾನಿಕ್ ಗೇರ್‌ಬಾಕ್ಸ್‌ಗೆ ಬೇಕಿದ್ದದ್ದು ಕಂಪನಿಯದೇ ವಿಶೇಷ ಎಣ್ಣೆ. ಆದರೆ ಕೈಪಿಡಿಯಲ್ಲಿ ಅಂಗಡಿಯಲ್ಲಿ ಸಿಗುವ ಸಾಮಾನ್ಯ ಎಣ್ಣೆಯೂ ಆದೀತು ಎಂದು ಬರೆದಿತ್ತು. ಕೈಪಿಡಿ ಓದದವನ ಗಾಡಿ ಓಡಿತು, ಶ್ರದ್ಧೆಯಿಂದ ಓದಿ ಅದರಂತೆ ನಡೆದವನು ಎಳೆದೊಯ್ಯುವ ಲಾರಿಯವನಿಗೆ ಫೋನ್ ಮಾಡಿದ. ಒಂದೇ ಬೀದಿಯ ಎರಡು ಮನೆಗಳಲ್ಲಿ ಒಂದೇ ಗಾಡಿಯ ಬಗ್ಗೆ ಎರಡು ಮತ ಹುಟ್ಟಿದ್ದು ಹೀಗೆ.

"ಮೀಟರ್?" ಎಂದರು ದಲ್ಲಾಳಿಗಳು. ಈ ಪ್ರಶ್ನೆಗೇ ನಾನು ಕಾದಿದ್ದೆ.

ನಮ್ಮಲ್ಲಿ ಮೀಟರ್ ತಿರುಗಿಸುವುದು ಮೂರನೆಯ ಓನರ್ ನಾಲ್ಕನೆಯವನಿಗೆ ಮಾಡುವ ಉಪಕಾರ. ಅಲ್ಲಿ ಕಂಪನಿಯೇ ಆ ಶಾಸ್ತ್ರ ಮುಗಿಸಿತ್ತು. ಮೇಲಧಿಕಾರಿಗಳು ಕಾರ್ಖಾನೆಯಿಂದ ಹೊಸ ಕಾರುಗಳನ್ನು ಮನೆಗೆ ಒಯ್ದು, ಮೀಟರಿನ ತಂತಿ ಕಳಚಿ, ವಾರಗಟ್ಟಲೆ ಓಡಿಸಿ, ಆಮೇಲೆ ತಂತಿ ಸಿಕ್ಕಿಸಿ ಹೊಸ ಕಾರೆಂದು ಮಾರಾಟಕ್ಕೆ ಕಳುಹಿಸುತ್ತಿದ್ದರು. ಇಂಥ ಕಾರುಗಳು 60,000ಕ್ಕೂ ಮಿಗಿಲು. ಕೆಲವು ಎಲ್ಲೋ ಗುದ್ದಿಕೊಂಡು, ರಿಪೇರಿಯಾಗಿ, ಹೊಸ ವಧುವಿನಂತೆ ಷೋರೂಮಿಗೆ ಬಂದಿದ್ದವು. 1987ರಲ್ಲಿ ಇದು ನ್ಯಾಯಾಲಯದ ಮೆಟ್ಟಿಲೇರಿದಾಗ, ಗುಣಮಟ್ಟ ಪರೀಕ್ಷೆಗಾಗಿ ಓಡಿಸಿದೆವು ಎಂಬ ವಿವರಣೆ ಬಂತು. ಕಾರನ್ನು ಪರೀಕ್ಷಿಸುವಾಗ ಮೀಟರಿಗೆ ಯಾಕೆ ಕಣ್ಣು ಕಟ್ಟಬೇಕಿತ್ತು ಎಂಬುದು ಬೇರೆ ವಿಷಯ. ಅಯಕೋಕ ಪತ್ರಕರ್ತರ ಮುಂದೆ ಬಂದು, ಆಗಿದ್ದು ದಡ್ಡತನ ಎಂದು ಒಪ್ಪಿ, ಗುದ್ದಿದ ಕಾರುಗಳಿಗೆ ಬದಲಿ ಕಾರು ಕೊಡುವುದಾಗಿ ಹೇಳಿದರು.

ದಲ್ಲಾಳಿಗಳು ಬಹಳ ಹೊತ್ತು ಮಾತಾಡಲಿಲ್ಲ. ತಮ್ಮ ವೃತ್ತಿಯ ಗುಟ್ಟೊಂದನ್ನು ಇಷ್ಟು ದೊಡ್ಡ ಮನುಷ್ಯರು ಇಷ್ಟು ದೊಡ್ಡ ಮಟ್ಟದಲ್ಲಿ ನಡೆಸಿದ್ದರು ಎಂದು ಕೇಳಿ ಅವರ ಕಣ್ಣಿನಲ್ಲಿ ಒಂದು ಬಗೆಯ ಭಕ್ತಿ ಮೂಡಿತ್ತು.

ಎರಡನೆಯ ಓನರ್ ಜರ್ಮನ್ನರು. 1998ರಲ್ಲಿ ಡೈಮ್ಲರ್-ಬೆನ್ಜ್ ಸುಮಾರು 3,600 ಕೋಟಿ ಡಾಲರಿನ ವ್ಯವಹಾರದಲ್ಲಿ ಕ್ರೈಸ್ಲರನ್ನು ಕೂಡಿಕೊಂಡಿತು. ಇದು ಸರಿಸಮಾನರ ವಿವಾಹ ಎಂದು ಎರಡೂ ಕಡೆಯವರು ಲಗ್ನಪತ್ರಿಕೆ ಹಂಚಿದರು. ಎರಡು ವರ್ಷದ ಮೇಲೆ ಡೈಮ್ಲರಿನ ಮುಖ್ಯಸ್ಥರು ಪತ್ರಿಕೆಯೊಂದಕ್ಕೆ, ಕ್ರೈಸ್ಲರ್ ನಮ್ಮ ಒಂದು ವಿಭಾಗವಾಗಿರಬೇಕೆಂಬುದೇ ಮೊದಲಿನಿಂದ ನಮ್ಮ ಎಣಿಕೆಯಾಗಿತ್ತು ಎಂಬರ್ಥದ ಮಾತಾಡಿದರು. ಡೈಮ್ಲರ್‌ಕ್ರೈಸ್ಲರ್ ಎಂಬುದನ್ನು ಉಚ್ಚರಿಸುವಾಗ ಕ್ರೈಸ್ಲರ್ ಮೌನ ಎಂದು ಡೆಟ್ರಾಯಿಟ್‌ನಲ್ಲಿ ನಗೆಹನಿ ಹಬ್ಬಿತು. ಒಂಬತ್ತು ವರ್ಷ ಸಂಸಾರ ನಡೆಸಿ 2007ರಲ್ಲಿ ಶೇ. 80.1 ಪಾಲನ್ನು ಸೆರ್ಬೆರಸ್ ಎಂಬ ಹೂಡಿಕೆ ಸಂಸ್ಥೆಗೆ ದಾಟಿಸಿದರು. ಲೆಕ್ಕ 740 ಕೋಟಿ ಡಾಲರ್. ಆದರೆ ಅದರ ಬಹುಪಾಲು ಕ್ರೈಸ್ಲರಿನ ಹೊಟ್ಟೆಗೇ ಹೋಗುವುದಾಗಿದ್ದರಿಂದ, ಎಲ್ಲ ಕೂಡಿಸಿ ಕಳೆದ ಮೇಲೆ ಮಾರಿದವರೇ ಕೈಯಿಂದ ದುಡ್ಡು ಹಾಕಿದಂತಾಯಿತು.

"ಗುಜರಿಗೆ ಹಾಕಿದರೂ ಕೆ.ಜಿ. ಲೆಕ್ಕದಲ್ಲಿ ಏನಾದರೂ ಸಿಗುತ್ತದೆ ಸಾರ್," ಎಂದು ದಲ್ಲಾಳಿಗಳು ನೊಂದುಕೊಂಡರು.

ಸೆರ್ಬೆರಸ್ ಎಂದರೆ ಗ್ರೀಕ್ ಪುರಾಣದಲ್ಲಿ ಯಮಲೋಕದ ಬಾಗಿಲು ಕಾಯುವ ಮೂರು ತಲೆಯ ನಾಯಿ. ಇಂಥ ಹೆಸರಿನವರ ಕೈಗೆ ಮನೆ ಮಗಳನ್ನು ಕೊಡುವ ಮುನ್ನ ನಮ್ಮ ಕಡೆಯವರಾದರೆ ಜಾತಕವನ್ನಾದರೂ ತೋರಿಸುತ್ತಿದ್ದರು. 2008ರ ನವೆಂಬರಿನಲ್ಲಿ ಮೂರು ಕಾರು ಕಂಪನಿಗಳ ಮುಖ್ಯಸ್ಥರು ನೆರವು ಬೇಡಲು ವಾಷಿಂಗ್ಟನ್ನಿಗೆ ಖಾಸಗಿ ವಿಮಾನಗಳಲ್ಲಿ ಹಾರಿಹೋದರು. ಭಿಕ್ಷೆಗೆ ಬೆಳ್ಳಿ ತಟ್ಟೆ ಹಿಡಿದು ಬಂದಿರಲ್ಲ ಎಂದು ಉಗಿಸಿಕೊಂಡು, ಎರಡನೆಯ ಸಲ ಕಾರಿನಲ್ಲಿ ಹೋದರು. ಕ್ರೈಸ್ಲರಿನವರು ಕೂತು ಹೋದದ್ದು ಆಸ್ಪೆನ್ ಹೈಬ್ರಿಡ್‌ನಲ್ಲಿ. ಅದನ್ನು ತಯಾರಿಸುವ ಕಾರ್ಖಾನೆಯನ್ನು ವರ್ಷಾಂತ್ಯಕ್ಕೆ ಮುಚ್ಚುತ್ತೇವೆಂದು ಕಂಪನಿ ಆಗಲೇ ಪ್ರಕಟಿಸಿಯಾಗಿತ್ತು. ನಮ್ಮ ಭವಿಷ್ಯ ಇದರಲ್ಲಿದೆ ಎಂದು ತೋರಿಸಲು ತಾವೇ ತಿಥಿ ಗೊತ್ತುಮಾಡಿದ ಗಾಡಿಯನ್ನು ಏರಿದವರ ಧೈರ್ಯವನ್ನು ಮೆಚ್ಚಬೇಕು. ನೆರವು ಸಿಕ್ಕಿದ್ದೇ ತಡ, ಧನ್ಯವಾದ ಅಮೆರಿಕ ಎಂದು ಪತ್ರಿಕೆಗಳಲ್ಲಿ ಪೂರ್ಣ ಪುಟದ ಜಾಹೀರಾತು ಕೊಟ್ಟರು. ಸಾಲ ಕೊಟ್ಟವನ ದುಡ್ಡಿನಲ್ಲೇ ಅವನಿಗೆ ಹಾರ.

2009ರ ಏಪ್ರಿಲ್ 30ರಂದು ದಿವಾಳಿ. ನಲವತ್ತೆರಡು ದಿನದಲ್ಲಿ ಎದ್ದು ನಿಂತಾಗ ಮಾಲೀಕರ ಪಟ್ಟಿ ನಮ್ಮ ಜಂಟಿ ಖಾತೆಯ ಪಹಣಿಯ ಹಾಗಿತ್ತು. ದೊಡ್ಡ ಪಾಲು ನಿವೃತ್ತ ಕಾರ್ಮಿಕರ ಆರೋಗ್ಯ ನಿಧಿಗೆ, ಒಂದಿಷ್ಟು ಅಮೆರಿಕ ಸರ್ಕಾರಕ್ಕೆ, ಚೂರು ಕೆನಡಾಕ್ಕೆ, ಶೇ. 20 ಇಟಲಿಯ ಫಿಯಟ್‌ಗೆ. ಫಿಯಟ್ ಅದಕ್ಕೆ ಕೊಟ್ಟ ನಗದು ಸೊನ್ನೆ. ಕೊಟ್ಟದ್ದು ಸಣ್ಣ ಕಾರು ಮಾಡುವ ವಿದ್ಯೆ. ಜೀವಮಾನದಲ್ಲಿ ಕ್ರೈಸ್ಲರ್ ಹತ್ತದೆ ಬಸ್ಸಿನಲ್ಲೇ ಓಡಾಡಿದ ಅಮೆರಿಕದ ತೆರಿಗೆದಾರನೂ ಹೀಗೆ ಕ್ರೈಸ್ಲರ್ ಮಾಲೀಕನಾದ. ಅವನ ಅನುಭವವೂ ಉಳಿದ ಮಾಲೀಕರದ್ದೇ: ಕೊನೆಗೆ ಲೆಕ್ಕ ಹಾಕಿದಾಗ 130 ಕೋಟಿ ಡಾಲರಿನಷ್ಟು ಕೈ ಬಿಟ್ಟಿತ್ತು. ಚುಕ್ಕಾಣಿ ಇಟಲಿಯವರ ಕೈಯಲ್ಲಿದ್ದ 2011ರಲ್ಲಿ ಕಂಪನಿಯ ಹೊಸ ಘೋಷಣೆ, 'ಡೆಟ್ರಾಯಿಟ್‌ನಿಂದ ಆಮದು'.

ಫಿಯಟ್ ಎಂದೊಡನೆ ದಲ್ಲಾಳಿಗಳು ಚುರುಕಾದರು. "ಇವರಿಬ್ಬರ ಸಂಬಂಧ ನಮ್ಮಲ್ಲಿ ಆಗಲೇ ಆಗಿತ್ತಲ್ಲ ಸಾರ್! ನಮ್ಮಪ್ಪ ಫಾರ್ಗೋ ಲಾರಿಯಲ್ಲಿ ಕ್ಲೀನರ್ ಆಗಿದ್ದರು." ಮಾತು ನಿಜ, ಫಾರ್ಗೋ ಕ್ರೈಸ್ಲರ್ ಬಳಗದ್ದೇ ಲಾರಿ. ಮೋಟಾರು ಕಾರ್ಖಾನೆಗಾಗಿ ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿ ಯುರೋಪು, ಅಮೆರಿಕ ಸುತ್ತಿ ಬಂದಿದ್ದರು. ಮೈಸೂರು ಸರ್ಕಾರವೂ ಕೈಜೋಡಿಸಲು ತಯಾರಿತ್ತು, ಬ್ರಿಟಿಷರು ಅಡ್ಡಗಾಲು ಹಾಕಿದರು. ಅವರ ಜೊತೆಗಿದ್ದ ಉದ್ಯಮಿ ವಾಲ್‌ಚಂದ್ ಹೀರಾಚಂದ್ 1940ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ್ದು ವಿಮಾನದ ಕಾರ್ಖಾನೆ. ಕಾರಿನದು ಮುಂಬಯಿಯ ಕುರ್ಲಾಕ್ಕೆ ಹೋಯಿತು. ಅಲ್ಲಿ 1947ರಿಂದ ಕ್ರೈಸ್ಲರ್ ಸಹಯೋಗದಲ್ಲಿ ಡಾಡ್ಜ್, ಪ್ಲೈಮೌತ್‌ಗಳು, ಆಮೇಲೆ ಅದೇ ಸೂರಿನಡಿ ಫಿಯಟ್‌ಗಳು ಹೊರಬಂದವು. ಡೆಟ್ರಾಯಿಟ್ ಮತ್ತು ಫಿಯಟ್‌ನ ಊರಾದ ಟ್ಯೂರಿನ್ ಅರುವತ್ತು ವರ್ಷದ ಮೇಲೆ ವಕೀಲರ ಸೈನ್ಯವಿಟ್ಟುಕೊಂಡು ಮಾಡಿದ್ದನ್ನು ಕುರ್ಲಾದ ಫಿಟ್ಟರುಗಳು ಸದ್ದಿಲ್ಲದೆ ಮಾಡಿ ಮುಗಿಸಿದ್ದರು.

ಮುಂದಿನದನ್ನು ಬೇಗ ಹೇಳಿದೆ. 2014ರಲ್ಲಿ ಪೂರ್ತಿ ಫಿಯಟ್ ಪಾಲು. ನೋಂದಣಿ ನೆದರ್ಲೆಂಡ್ಸಿನಲ್ಲಿ, ತೆರಿಗೆಯ ಮನೆ ಲಂಡನ್ನಿನಲ್ಲಿ. 2015ರಲ್ಲಿ ಇಬ್ಬರು ತಂತ್ರಜ್ಞರು ಮನೆಯಲ್ಲಿ ಕೂತು ಹೆದ್ದಾರಿಯಲ್ಲಿದ್ದ ಈ ಕಂಪನಿಯ ಜೀಪೊಂದರ ಹಿಡಿತ ಕಸಿದುಕೊಂಡು ತೋರಿಸಿದರು. 14 ಲಕ್ಷ ವಾಹನಗಳಿಗೆ ಪರಿಹಾರವೆಂದು ಅಂಚೆಯಲ್ಲಿ ಪೆನ್‌ಡ್ರೈವ್ ಬಂತು. 2021ರಲ್ಲಿ ಫ್ರೆಂಚರ ಪ್ಯೂಜೊ ಬಳಗವೂ ಸೇರಿ ಸ್ಟೆಲಾಂಟಿಸ್ ಆಯಿತು. ಹದಿನಾಲ್ಕು ಹೆಸರುಗಳ ಕೂಡು ಕುಟುಂಬ. 2022ರಲ್ಲಿ ಪೆಸಿಫಿಕಾ ಹೈಬ್ರಿಡ್ ವ್ಯಾನಿನ ಕೆಲವು ಸಾವಿರ ಮಾಲೀಕರಿಗೆ, ಬೆಂಕಿ ಹತ್ತಬಹುದು, ಚಾರ್ಜ್ ಮಾಡಬೇಡಿ, ಮನೆಯಿಂದ ದೂರ ಬಯಲಿನಲ್ಲಿ ನಿಲ್ಲಿಸಿ ಎಂಬ ಸೂಚನೆ ಹೋಯಿತು. ಚಾರ್ಜ್ ಮಾಡುವಂತಿಲ್ಲದ, ಗ್ಯಾರೇಜಿನಲ್ಲಿ ಇಡುವಂತಿಲ್ಲದ ಚಾರ್ಜಿನ ಗಾಡಿ. ಆ ವ್ಯಾನಿನಷ್ಟು ಅನುಕೂಲದ ಗಾಡಿ ಇನ್ನೊಂದಿಲ್ಲ ಎಂದು ಹೊಗಳುವವರೂ ಇದ್ದಾರೆ, ಬಯಲಿನಲ್ಲಿ ನಿಂತುಕೊಂಡೇ ಹೊಗಳುತ್ತಾರೆ. 2023ರ ಕೊನೆಗೆ ಕಂಪನಿಯ ಕೊನೆಯ ಸೆಡಾನ್ ನಿಂತುಹೋಯಿತು. ಶತಮಾನೋತ್ಸವದ ಹೊತ್ತಿಗೆ ಕ್ರೈಸ್ಲರ್ ಹೆಸರಿನಲ್ಲಿ ಅಂಗಡಿಯಲ್ಲಿ ಉಳಿದದ್ದು ಅದೇ ಮಿನಿವ್ಯಾನು, ಅದರದೇ ಅಗ್ಗದ ಇನ್ನೊಂದು ರೂಪ.

ದಲ್ಲಾಳಿಗಳು ಬೆರಳು ಮಡಿಸಿ ಎಣಿಸಿದರು. ಸಂಸ್ಥಾಪಕರು, ಜರ್ಮನ್ನರು, ನಾಯಿ, ಪಹಣಿಯವರು, ಇಟಲಿಯವರು, ಈಗಿನವರು. ಆರನೇ ಓನರ್. ಮೀಟರ್ ಮುಟ್ಟಿದ್ದಾರೆ. ಬಾಡಿಯಲ್ಲಿ ತುಕ್ಕು. ಸಾಲದ ಚರಿತ್ರೆ ಎರಡು ಸಲ. ಮೇಜಿನ ಮೇಲಿದ್ದ ಅಯಸ್ಕಾಂತವನ್ನು ಜೇಬಿಗೆ ಹಾಕಿಕೊಂಡು ಎದ್ದರು. ಗೇಟಿನ ತನಕ ಹೋದವರು ಏನೋ ಹೊಳೆದಂತೆ ತಿರುಗಿ ನಿಂತರು.

"ಗಾಡಿ ಬೇಡ ಸಾರ್. ಆದರೆ ನಂಬರ್ ಫ್ಯಾನ್ಸಿ ಇದ್ದ ಹಾಗಿದೆ. ನಂಬರ್ ಮಾತ್ರ ಬಿಡಿಯಾಗಿ ಕೊಡುತ್ತಾರೇನೋ ಕೇಳಿ, ಗಿರಾಕಿ ನೋಡೋಣ."