ನಲವತ್ತೈದು ದಿನಗಳಲ್ಲಿ ನಾಲ್ಕು ವರ್ಷದ ಅನುಭವ

ಮಾರತ್‌ಹಳ್ಳಿ ಸೇತುವೆಯ ಆಸುಪಾಸಿನ ಒಂದು ಕಟ್ಟಡ. ಕೆಳಗೆ ಚಾಟ್ ಅಂಗಡಿ, ಮೇಲೆ ಪಿ.ಜಿ., ನಡುವಿನ ಮಹಡಿಯಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್, ಅಂದರೆ ತಂತ್ರಾಂಶದ ದೋಷ ಹುಡುಕುವ ವಿದ್ಯೆ, ಕಲಿಸುವ ಸಂಸ್ಥೆ. ನಮ್ಮಕ್ಕನ ಮಗ ತುಮಕೂರಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿ, ಮೆಕ್ಯಾನಿಕಲ್ ಓದಿದ ಬಹುಪಾಲು ಹುಡುಗರಂತೆ ಮೆಷಿನ್ನುಗಳಿಗೆ ಕೈಮುಗಿದು ಬೆಂಗಳೂರಿಗೆ ಬಂದಿದ್ದ. ನಾನು ಇಪ್ಪತ್ತು ವರ್ಷದಿಂದ ಇದೇ ಕಸುಬಿನಲ್ಲಿದ್ದೇನೆ, ಈಚೆಗೆ ‘ಸಲಹೆಗಾರ’ ಎಂಬ ಬಿರುದೂ ಅಂಟಿಕೊಂಡಿದೆ. ಹಾಗಾಗಿ ಕೋರ್ಸು ಹೇಗಿದೆ ನೋಡಿ ಸೇರಿಸಿ ಬಾ ಎಂದು ಅಕ್ಕನ ಅಪ್ಪಣೆಯಾಗಿತ್ತು.

ಮೇಜಿನ ಹಿಂದಿದ್ದ ಯುವಕ ಏನು ಓದಿದ್ದೀರಿ ಎಂದು ಕೇಳಲಿಲ್ಲ. “ಎಷ್ಟು ವರ್ಷದ ಅನುಭವ ಬೇಕು ಸರ್?” ಎಂದ.

ಅನುಭವ ಎಷ್ಟಿದೆ ಎಂದು ಕೇಳುವವರನ್ನು ಜೀವಮಾನವಿಡೀ ಕಂಡಿದ್ದೇನೆ. ಎಷ್ಟು ಬೇಕು ಎಂದು ಕೇಳಿದವನು ಇವನೊಬ್ಬನೇ. ಬಟ್ಟೆ ಅಂಗಡಿಯವನು ಥಾನು ಬಿಚ್ಚುವಷ್ಟೇ ಸಲೀಸಾಗಿ ಆತ ಬಿಚ್ಚಿಟ್ಟ: ಎರಡು ವರ್ಷಕ್ಕೆ ಒಂದು ದರ, ಮೂರಕ್ಕೆ ಇನ್ನೊಂದು. ಆಫರ್ ಲೆಟರ್, ರಿಲೀವಿಂಗ್ ಲೆಟರ್, ಕೊನೆಯ ಮೂರು ತಿಂಗಳ ಸಂಬಳದ ಚೀಟಿ ಎಲ್ಲ ಸೇರಿ. ಪಿ.ಎಫ್. ಖಾತೆ ಸಮೇತ ಬೇಕೆಂದರೆ ಬೇರೆ ರೇಟು. “ನಾಲ್ಕು ತೆಗೆದುಕೊಳ್ಳಿ ಸರ್. ಮೂರಕ್ಕೆ ಈಗ ಮಾರ್ಕೆಟ್ ಇಲ್ಲ.”

“ಕೋರ್ಸು ಎಷ್ಟು ದಿನ?”

“ನಲವತ್ತೈದು ದಿನ. ಭಾನುವಾರ ರಜೆ.”

ಸುಳ್ಳನ್ನು ಹಿಡಿಯುವುದೇ ಕಸುಬಾದ ಉದ್ಯೋಗವೊಂದಕ್ಕೆ ಹೆಬ್ಬಾಗಿಲಲ್ಲೇ ಸುಳ್ಳನ್ನು ತೋರಣ ಕಟ್ಟಿಟ್ಟಿದ್ದರು. ನಾನು ಹುಡುಗನ ಮುಖ ನೋಡಿದೆ. ಅವನು ಮೀಟರಿನ ಲೆಕ್ಕದಲ್ಲಿ ಅನುಭವ ಬೇಡ, ಪಾಠ ಮಾತ್ರ ಸಾಕು ಎಂದ. ಯುವಕ ನಮ್ಮಿಬ್ಬರನ್ನೂ ನೋಡಿದ ರೀತಿ ಹೇಗಿತ್ತೆಂದರೆ, ಹೋಟೆಲಿಗೆ ಬಂದು ಬರೀ ಚಟ್ನಿ ಕೇಳಿದವರನ್ನು ಮಾಣಿ ನೋಡುತ್ತಾನಲ್ಲ, ಹಾಗೆ.

ಪಾಠ ಶುರುವಾಯಿತು. ಮೊದಲ ವಾರವೆಲ್ಲ ಪೆನ್ನು. ಸಂದರ್ಶನದಲ್ಲಿ “ಈ ಪೆನ್ನನ್ನು ಹೇಗೆ ಟೆಸ್ಟ್ ಮಾಡುತ್ತೀರಿ?” ಎಂದು ಕೇಳುತ್ತಾರಂತೆ. ಕೇಳುತ್ತಾರೆ, ನಿಜ, ನಾನೂ ಕೇಳಿದ್ದೇನೆ, ಪಾಪ ಪರಿಹಾರವಾಗಲಿ. ಹುಡುಗನ ನೋಟ್ಸಿನಲ್ಲಿ ಒಂದು ಪೆನ್ನಿಗೆ ನಲವತ್ತೆರಡು ಟೆಸ್ಟ್ ಕೇಸುಗಳಿದ್ದವು, ಅಂದರೆ ಒಂದೊಂದಾಗಿ ಪರೀಕ್ಷಿಸಬೇಕಾದ ಸಂಗತಿಗಳು. ಕ್ಯಾಪು ಬಿಗಿಯಾಗಿದೆಯೇ, ಮೊದಲ ಮಹಡಿಯಿಂದ ಬಿದ್ದರೆ ಬರೆಯುತ್ತದೆಯೇ, ನೀರಿನಲ್ಲಿ ಮುಳುಗಿಸಿದರೆ ಏನಾಗುತ್ತದೆ, ಎಡಗೈಯವರಿಗೆ ಒಗ್ಗುತ್ತದೆಯೇ. ಇದನ್ನೆಲ್ಲ ಬರೆದುಕೊಳ್ಳುವಾಗ ಅವನ ಸ್ವಂತ ಪೆನ್ನು ಎರಡು ಸಲ ಕೈಕೊಟ್ಟಿತ್ತು, ಪಕ್ಕದವನಿಂದ ಕಡ ತೆಗೆದುಕೊಂಡು ಮುಂದುವರಿಸಿದ್ದ. ತರಗತಿಯಲ್ಲಿ ಆ ದಿನ ಕಂಡ ಒಂದೇ ಒಂದು ನಿಜವಾದ ದೋಷ ಅದು. ದಾಖಲಿಸಿಕೊಂಡವರು ಯಾರೂ ಇಲ್ಲ.

ಭಾನುವಾರಗಳಲ್ಲಿ ಅವನು ನಮ್ಮ ಮನೆಗೆ ಬರುತ್ತಿದ್ದ. ಊಟಕ್ಕೆ ಮುಂಚೆ ನನ್ನ ಹೆಂಡತಿ ಕುದಿಯುವ ಪಾತ್ರೆಯಿಂದ ಒಂದು ಅಗುಳು ತೆಗೆದು ಹಿಸುಕಿ ನೋಡುವಾಗ ಅವನನ್ನು ಅಡುಗೆಮನೆಗೆ ಕರೆದು ತೋರಿಸಿದೆ. ಒಂದೇ ಬಗೆಯ ಸಾವಿರ ಅಗುಳಿನಲ್ಲಿ ಒಂದನ್ನು ನೋಡಿದರೆ ಸಾಕು; ನಮ್ಮ ಹಿಂದಿನವರು ಸ್ಥಾಲೀಪುಲಾಕ ನ್ಯಾಯ ಎಂದರು, ನಾವು ಅದಕ್ಕೆ ಉದ್ದನೆಯ ಇಂಗ್ಲಿಷ್ ಹೆಸರಿಟ್ಟು ಗಂಟೆಗಿಷ್ಟು ಎಂದು ಬಿಲ್ ಮಾಡುತ್ತೇವೆ. ಆದರೆ ತಳ ಹಿಡಿದಿದ್ದರೆ ನಡುವಿನ ಅಗುಳು ಅದನ್ನು ಹೇಳುವುದಿಲ್ಲ. ಅದಕ್ಕೇ ಅಂಚುಗಳನ್ನು ಬೇರೆಯಾಗಿ ನೋಡಬೇಕು. ವಯಸ್ಸು 18ರಿಂದ 60ರವರೆಗೆ ಎಂದಿರುವ ಫಾರಂಗೆ 35 ಹಾಕಿ ನೋಡುವುದು ಸೋಮಾರಿ ಕೆಲಸ, 17, 18, 60, 61 ಹಾಕಿ ನೋಡು ಎಂದೆ.

“ಅಪ್ಪ ಕಾಯಿ ನೋಡುವುದೂ ಹೀಗೇ ಮಾವ” ಎಂದ ಹುಡುಗ.

ಭಾವನದು ತಿಪಟೂರಿನ ಹತ್ತಿರ ತೆಂಗಿನ ತೋಟ. ಉಂಡೆ ಕೊಬ್ಬರಿಗೆಂದು ಅಟ್ಟಕ್ಕೆ ಹಾಕಿದ ಕಾಯಿ ಒಳಗಿನ ನೀರು ಪೂರ್ತಿ ಇಂಗಿ ಕೊಬ್ಬರಿ ಕರಟದಿಂದ ಬಿಡಲು ಹತ್ತು ಹನ್ನೊಂದು ತಿಂಗಳು ಬೇಕು. ಭಾವ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಗಳಗಳ ಎಂದರೆ ನೀರಿದೆ, ವಾಪಸ್ ಅಟ್ಟಕ್ಕೆ. ಲೊಡಲೊಡ ಎಂದರೆ ಸುಲಿಯಬಹುದು. ಎಲ್ಲವನ್ನೂ ಅಲ್ಲಾಡಿಸಲು ಪುರಸೊತ್ತಿಲ್ಲದಾಗ ಹೆಂಚು ಸೋರುವ ಮೂಲೆಯ ಕಾಯಿಗಳನ್ನೇ ಮೊದಲು ಎತ್ತಿಕೊಳ್ಳುತ್ತಾರೆ. ಕೆಡುವುದಿದ್ದರೆ ಅಲ್ಲೇ ಕೆಡುತ್ತದೆ. ನಲವತ್ತೈದು ದಿನಕ್ಕೆ ಕೊಬ್ಬರಿ ಮಾಡಿಕೊಡುತ್ತೇನೆ ಎಂದು ಯಾರಾದರೂ ಬಂದರೆ ಭಾವ ಅವರಿಗೆ ಒಂದು ಲೋಟ ಮಜ್ಜಿಗೆ ಕೊಟ್ಟು ನೆರಳಲ್ಲಿ ಕೂರಿಸುತ್ತಾರೆ.

ಅಟ್ಟದಿಂದ ಬೇಗ ಇಳಿಸಿದ ಕಾಯಿ ನಮ್ಮೂರಲ್ಲಿ ಮಾತ್ರ ಇಲ್ಲ. 1996ರ ಜೂನ್ 4ರಂದು ಫ್ರೆಂಚ್ ಗಯಾನಾದಿಂದ ಏರಿದ ಏರಿಯನ್-5 ರಾಕೆಟ್ಟು ಸುಮಾರು 40 ಸೆಕೆಂಡುಗಳಲ್ಲಿ ಚೂರುಚೂರಾಯಿತು. ದಿಕ್ಕು ನೋಡಿಕೊಳ್ಳುವ ತಂತ್ರಾಂಶವನ್ನು ಏರಿಯನ್-4ರಿಂದ ಹಾಗೇ ಎತ್ತಿ ತಂದಿದ್ದರು. ಹಳೆಯ ಕಂಪನಿಯಲ್ಲಿ ಒಳ್ಳೆಯ ಹೆಸರಿದೆ, ರಿಲೀವಿಂಗ್ ಲೆಟರ್ ಇದೆ, ಮತ್ತೇಕೆ ಪರೀಕ್ಷೆ? ಹೊಸ ರಾಕೆಟ್ಟಿನ ಅಡ್ಡವೇಗ ಹೆಚ್ಚು. 64 ಬಿಟ್‌ನ ಆ ಸಂಖ್ಯೆಯನ್ನು 16 ಬಿಟ್‌ನ ಡಬ್ಬಿಗೆ ತುರುಕಲು ಹೋಗಿ, 32,767ರ ಆಚೆಗೆ ಎಣಿಸಲಾರದೆ ಅದು ಕೈಚೆಲ್ಲಿತು. ಆಪತ್ತಿಗೆಂದು ಇಟ್ಟಿದ್ದ ಎರಡನೆಯ ಕಂಪ್ಯೂಟರಿನಲ್ಲೂ ಅದೇ ತಂತ್ರಾಂಶವಿತ್ತು. ಅದಂತೂ ಮೊದಲೇ ಮಲಗಿತ್ತು.

2024ರ ಜುಲೈ 19ರದು ಇನ್ನೂ ಚಂದ. ಕಂಪ್ಯೂಟರುಗಳನ್ನು ಕಾಯುವ ಕ್ರೌಡ್‌ಸ್ಟ್ರೈಕ್ ಎಂಬ ಕಂಪನಿಯ ಭದ್ರತಾ ತಂತ್ರಾಂಶ 20 ಮೌಲ್ಯಗಳನ್ನು ಕೈಯಲ್ಲಿಟ್ಟುಕೊಂಡಿತ್ತು, ಹೊಸದಾಗಿ ಬಂದ ಕಡತ 21ನೆಯದನ್ನು ಕೇಳಿತು. ಒಂದು ಅಂಚು, ಒಂದೇ ಒಂದು. ಕಡತವನ್ನು ಪರಿಶೀಲಿಸಬೇಕಾದ ತಂತ್ರಾಂಶದಲ್ಲೇ ದೋಷವಿದ್ದದ್ದರಿಂದ ಅದು ‘ಸರಿಯಾಗಿದೆ’ ಎಂದು ಸಹಿ ಹಾಕಿ ಕಳಿಸಿತ್ತು. ಜಗತ್ತಿನಾದ್ಯಂತ ಸುಮಾರು 85 ಲಕ್ಷ ಕಂಪ್ಯೂಟರುಗಳು ನೀಲಿ ಮುಖ ತೋರಿಸಿ ಕುಳಿತವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಸಿಬ್ಬಂದಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು. ಅಂದು ದೇಶದ ಮಾನ ಕಾಪಾಡಿದ್ದು ಪೆನ್ನು. ನಲವತ್ತೆರಡು ಟೆಸ್ಟ್ ಕೇಸುಗಳು ವ್ಯರ್ಥವಾಗಲಿಲ್ಲ ಎಂದುಕೊಂಡೆ.

ಇಷ್ಟು ಹೇಳಿದ ಮೇಲೆ ನನ್ನ ಅಂಗಡಿಯ ವಿಷಯವನ್ನೂ ಹೇಳಬೇಕು. ಸಲಹೆಗಾರನಾಗಿ ಯಾವುದೇ ಕಂಪನಿಗೆ ಹೋದರೂ ನಾನು ಮೊದಲ ದಿನ ಮಾಡುವುದು ಒಂದೇ ಕೆಲಸ: ತಿರಸ್ಕರಿಸಿ ಮುಚ್ಚಿಹಾಕಿದ ದೋಷಗಳ ಪಟ್ಟಿ ತೆಗೆದು ಓದುವುದು. ‘ನನ್ನ ಕಂಪ್ಯೂಟರಿನಲ್ಲಿ ಸರಿಯಾಗಿದೆ’, ‘ಯಾವ ಗ್ರಾಹಕ ಹೀಗೆ ಮಾಡುತ್ತಾನೆ?’, ‘ವಿನ್ಯಾಸವೇ ಹಾಗಿದೆ’ ಎಂಬ ಷರಾಗಳ ಕೆಳಗೆ ಇಡೀ ಕಂಪನಿಯ ಜಾತಕ ಬಿದ್ದಿರುತ್ತದೆ. ಅಲ್ಲಿನ ಯಾರೋ ಹುಡುಗಿ ಎಂಟು ತಿಂಗಳ ಹಿಂದೆಯೇ ಅಚ್ಚುಕಟ್ಟಾಗಿ ಬರೆದು, ಬೈಸಿಕೊಂಡು, ಸುಮ್ಮನಾಗಿರುತ್ತಾಳೆ. ಅದನ್ನೇ ಮೂವತ್ತು ಬಣ್ಣದ ಸ್ಲೈಡುಗಳಲ್ಲಿ ಹಾಕಿ ತೋರಿಸಿದರೆ ದೊಡ್ಡವರು ತಲೆದೂಗುತ್ತಾರೆ. ಹುಡುಗಿಯ ಹೆಸರನ್ನು ಕೊನೆಯ ಸ್ಲೈಡಿನಲ್ಲಿ ಹಾಕುತ್ತೇನೆ. ಅಷ್ಟು ಹೊತ್ತಿಗೆ ಎಲ್ಲರೂ ಊಟಕ್ಕೆ ಎದ್ದಿರುತ್ತಾರೆ ಎಂಬುದು ನನಗೆ ಗೊತ್ತು.

ಈಗ ಸಲಹೆ ಕೊಡುತ್ತಿರುವ ಕಂಪನಿಯೊಂದರಲ್ಲಿ ಟೆಸ್ಟರುಗಳ ನೇಮಕಾತಿ ನಡೆದಿತ್ತು. ಸಂದರ್ಶನಕ್ಕೆ ಆಯ್ಕೆಯಾದ ಹನ್ನೊಂದು ಅರ್ಜಿಗಳನ್ನು ನನ್ನ ಮುಂದಿಟ್ಟರು. ಹನ್ನೊಂದೂ ಮಂದಿಗೆ ನಾಲ್ಕು ವರ್ಷದ ಅನುಭವ. ಹನ್ನೊಂದೂ ಮಂದಿ ಒಂದೇ ಆನ್‌ಲೈನ್ ಅಂಗಡಿಯ ಪ್ರಾಜೆಕ್ಟಿನಲ್ಲಿ ದುಡಿದವರು. ಮ್ಯಾನೇಜರಿಗೆ ವರದಿ ಒಪ್ಪಿಸುತ್ತಿದ್ದೆ ಎಂಬ ಸಾಲಿನಲ್ಲಿ ಮ್ಯಾನೇಜರ್ ಎಂಬ ಇಂಗ್ಲಿಷ್ ಪದದ ಒಂದು ಅಕ್ಷರ ಉದುರಿ, ಅದು ದನಗಳಿಗೆ ಮೇವು ಹಾಕುವ ಗೋದಲಿ ಎಂಬ ಅರ್ಥದ ಪದವಾಗಿತ್ತು. ಅದೂ ಸರಿಯಾದ ಪದವೇ ಆದ್ದರಿಂದ ಕಂಪ್ಯೂಟರು ಕೆಂಪು ಗೆರೆ ಎಳೆದಿರಲಿಲ್ಲ. ನಾಲ್ಕು ವರ್ಷಗಳ ಕಾಲ ಹನ್ನೊಂದು ಜನ ಶ್ರದ್ಧೆಯಿಂದ ಒಂದೇ ಗೋದಲಿಗೆ ವರದಿ ಒಪ್ಪಿಸಿದ್ದರು. ಇಬ್ಬರ ಬಳಿ ಟೆಸ್ಟರುಗಳಿಗೆ ಪರೀಕ್ಷೆ ನಡೆಸುವ ಅಂತರರಾಷ್ಟ್ರೀಯ ಮಂಡಳಿ ಐ.ಎಸ್.ಟಿ.ಕ್ಯೂ.ಬಿ.ಯ ಪ್ರಮಾಣಪತ್ರವೂ ಇತ್ತು. ಆ ಮೊದಲ ಹಂತದ ಪರೀಕ್ಷೆಯಲ್ಲಿ 40 ಪ್ರಶ್ನೆಗಳಿಗೆ 26 ಸರಿಯುತ್ತರ ಬಂದರೆ ತೇರ್ಗಡೆ. ಉಳಿದ ಹದಿನಾಲ್ಕು ದೋಷಗಳ ಸಮೇತ ಅಭ್ಯರ್ಥಿಯನ್ನು ಬಿಡುಗಡೆ ಮಾಡಲಾಗುತ್ತದೆ.

ನಮ್ಮ ಹುಡುಗನ ಅರ್ಜಿ ಇರಲಿಲ್ಲ. ಸಂಜೆ ಫೋನ್ ಮಾಡಿದೆ.

“ಹಾಕಲು ಆಗಲಿಲ್ಲ ಮಾವ” ಎಂದ. “ಹೊಸಬರೂ ಅರ್ಜಿ ಹಾಕಬಹುದು ಎಂದು ಜಾಹೀರಾತಿನಲ್ಲಿದೆ. ಆದರೆ ಫಾರಂನಲ್ಲಿ ಅನುಭವದ ಕಾಲಂಗೆ ಸೊನ್ನೆ ಹಾಕಿದರೆ ತೆಗೆದುಕೊಳ್ಳುವುದಿಲ್ಲ. ಖಾಲಿ ಬಿಟ್ಟರೂ ಇಲ್ಲ.”

ಹುಡುಗ ಸುಮ್ಮನೆ ಕೂತಿರಲಿಲ್ಲ. ಯಾವ ಪುಟ, ಯಾವ ಕಾಲಂ, ಏನು ಹಾಕಿದೆ, ಏನಾಗಬೇಕಿತ್ತು, ಏನಾಯಿತು ಎಂದು ಚಿತ್ರ ಸಮೇತ ಕಂಪನಿಗೆ ಬರೆದಿದ್ದ. ನಾನು ಈ ವರ್ಷ ಓದಿದ ಅತ್ಯುತ್ತಮ ದೋಷವರದಿ ಅದು. ಎರಡೇ ದಿನಕ್ಕೆ ಉತ್ತರವೂ ಬಂದಿತ್ತು: ‘ವಿನ್ಯಾಸವೇ ಹಾಗಿದೆ. ಮುಚ್ಚಲಾಗಿದೆ.’

“ಈಚೆ ಅಂಚು ನೋಡಿದ ಮೇಲೆ ಆಚೆ ಅಂಚನ್ನೂ ನೋಡಬೇಕಲ್ಲ” ಎಂದು ಮುಂದುವರಿಸಿದ. “ಅದಕ್ಕೆ ವಯಸ್ಸು 22, ಅನುಭವ 99 ವರ್ಷ ಎಂದು ಹಾಕಿದೆ. ತೆಗೆದುಕೊಂಡುಬಿಟ್ಟಿತು.”

“ಆಮೇಲೆ?”

“ಈಗ ತಾನೇ ಫೋನ್ ಬಂದಿತ್ತು. ಹಿರಿಯ ಸಲಹೆಗಾರರ ಹುದ್ದೆಗೆ ಸೋಮವಾರ ಸಂದರ್ಶನವಂತೆ. ಹಿಂದಿನ ಕಂಪನಿಗಳ ರಿಲೀವಿಂಗ್ ಲೆಟರುಗಳ ಜೆರಾಕ್ಸ್ ಎರಡೆರಡು ಪ್ರತಿ ತರಬೇಕಂತೆ ಮಾವ.”