ಗದಗದಾಗ ಬಡಿದಾಟ-ಕೊಲೆ ಖರೇನ ಹೆಚ್ಚಾಗ್ಯಾವೇನು? ಪರ-ವಿರೋಧ

ಪರ: ಹೆಚ್ಚಾಗ್ಯಾವ, ಲೆಕ್ಕಕ್ಕ ಬರವಲ್ಲವು ಅಷ್ಟ

ನಂದು ಮೆಡಿಕಲ್ ಶಾಪ್, ರಾತ್ರಿ ಹನ್ನೊಂದರ ತನಕ ತಗದಿರ್ತೈತಿ. ಹೋದ ತಿಂಗಳ ಶಟರ್ ಅರ್ಧ ಎಳದಿದ್ದೆ, ಇಬ್ಬರು ಹುಡುಗ್ರು ಬೈಕ್ ಮ್ಯಾಲೆ ಬಂದ್ರು, ಹಿಂದ ಕುಂತಾಂವ ಅಂಗೈಗೆ ಟವೆಲ್ ಸುತಗೊಂಡಿದ್ದ, ಅದರ ಅಂಚಷ್ಟ ಬೆಳ್ಳಗ ಉಳದಿತ್ತು. "ಅಣ್ಣಾರ, ಹತ್ತಿ, ಪಟ್ಟಿ, ಬೆಟಾಡಿನ್ ಲಗೂನ ಕೊಡ್ರಿ" ಅಂದ ಮುಂದಿನಾಂವ. ತಮ್ಮಾ ಇದಕ್ಕ ಹೊಲಿಗಿ ಬೇಕು, ದೊಡ್ಡಾಸ್ಪತ್ರಿಗೆ ಕರಕೊಂಡ ಹೋಗು ಅಂದ್ರ "ಅಲ್ಲಿ ಎಂಎಲ್‌ಸಿ (ಪೊಲೀಸ್ರಿಗೆ ತಿಳಿಸಬೇಕಾದ ಗಾಯ ಅಂತ ದಾಖಲೆ) ಮಾಡ್ತಾರ್ರೀ, ಸ್ಟೇಷನ್ನಿಗೆ ಫೋನ್ ಹೋಗ್ತೈತಿ" ಅಂತ ಅಂದ. ಇಪ್ಪತ್ತರ ಒಳಗಿನ ಹುಡುಗ್ರು. ಚಾಕು ಬಾಯಿನ ಕೈಲೆ ಹಿಡದಾನ ಅಂತ ಗಾಯ ನೋಡಿದ್ರನ ಗೊತ್ತಾಗ್ತಿತ್ತು, ನಾನ ಕಟ್ಟಿ ಕಳಿಸಿದೆ, ರೊಕ್ಕ ತಗೋಲಿಲ್ಲ.

ಈಗ ಹೇಳ್ರಿ, ಈ ಗಾಯ ಯಾವ ಅಂಕಿ-ಸಂಖ್ಯೆದಾಗ ಬಂತು? ಎಲ್ಲೂ ಇಲ್ಲ. ಹಿಂಗ ವರ್ಷಕ್ಕ ಒಂದೋ ಎರಡೋ ನೋಡ್ತಿದ್ದೆ ಮೊದಲು, ಈಗ ಹಬ್ಬದ ದಿನ, ಐಪಿಎಲ್ ದಿನ ಬಂದ್ರ ನನಗ ಎದಿ ಡವಡವ ಅಂತೈತಿ, ಯಾಕಂದ್ರ ಬೆಟ್ಟಿಂಗ್ ರೊಕ್ಕದ ಜಗಳ ಹತ್ತೋದ ಅವಾಗ.

ಇನ್ನ ಲೆಕ್ಕಕ್ಕ ಬಂದಿದ್ದರದೂ ಕೇಳ್ರಿ. 2024ರ ಏಪ್ರಿಲ್ 19ರಂದು ದಾಸರ ಓಣಿ ಮನಿಯೊಳಗ ಮಲಗಿದ್ದ ನಾಲ್ಕು ಮಂದಿನ್ನ ಕೊಂದ್ರಲ್ಲ, ಇಡೀ ಊರು ಮಾತಾಡೋದನ್ನ ಬಿಟ್ಟಿತ್ತು ಅವತ್ತು. ದೇಶದ ಕ್ರೈಂ ಲೆಕ್ಕ ಇಡೋ ಸರ್ಕಾರಿ ಸಂಸ್ಥೆ ಎನ್‌ಸಿಆರ್‌ಬಿ ವರದಿದಾಗ ಕ್ರೈಂ ರೇಟ್ (ಲಕ್ಷ ಮಂದಿಗೆ ಎಷ್ಟು ಅಂತ) ಹಾಕೋದು ಕೇಸಿನ ಮ್ಯಾಲೆ, ಸತ್ತವರ ಮ್ಯಾಲೆ ಅಲ್ಲ, ನಾಲ್ಕು ಹೆಣಕ್ಕ ಒಂದ ಎಫ್‌ಐಆರ್ ಆದ್ರ ಆ ರೇಟಿನ್ಯಾಗ ಅದು ಒಂದ. ಒಂದು ಎಫ್‌ಐಆರ್‌ದಾಗ ದರೋಡಿ, ಹಲ್ಲೆ, ಕೊಲೆ ಮೂರೂ ಇದ್ರೂ ಎಲ್ಲಕ್ಕಿಂತ ದೊಡ್ಡದು ಒಂದನ್ನ ಹಿಡದು ಉಳದಿದ್ದನ್ನ ಬಿಡ್ತಾರ. ಮ್ಯಾಲಿಂದ 2024ರ ಜುಲೈ 1ರಿಂದ ಹಳೇ ದಂಡ ಸಂಹಿತೆ ಐಪಿಸಿ ಹೋಗಿ ಹೊಸಾದು ಬಿಎನ್‌ಎಸ್ ಬಂತು, ಕೊಲೆ ಯತ್ನದ ಸೆಕ್ಷನ್ 307 ಈಗ 109 ಆಗೇತಿ, ಹಳೇ ಸೆಕ್ಷನ್ ನಂಬರ್ ಹಿಡಕೊಂಡು ಹೊಸಾ ಪಟ್ಟಿದಾಗ ಹುಡುಕಿದ್ರ ಸಿಗೂದುಲ್ಲ.

ತಲ್ವಾರ್‌ಲೆ ಕೇಕ್ ಕಟ್ ಮಾಡಿ ರೀಲ್ಸ್ ಹಾಕೋ ಹುಡುಗ್ರನ್ನ ಮೊದಲ ಕರದು ಕುಂದ್ರಿಸಿ ಮಾತಾಡ್ರಿ, ಅಪ್ಪ-ಅವ್ವನ್ನೂ ಕರೀರಿ, ರೌಡಿ ಶೀಟ್ ತಗಿಯೋದು ಆಮ್ಯಾಲೆ ಇದ್ದ ಐತಿ. "ಊರು ಶಾಂತ ಐತಿ" ಅನ್ನಕೋತ ಕುಂತ್ರ ಆ ಟವೆಲ್ ಹುಡುಗ ಮುಂದಿನ ಸಲ ನನ್ನ ಅಂಗಡಿಗೆ ಬರೋದುಲ್ಲ, ಸೀದಾ ಶವಾಗಾರಕ್ಕ ಹೋಗ್ತಾನ.

ವಿರೋಧ: ಹೆದರಿಕಿ ಹೆಚ್ಚಾಗೇತಿ, ಅದನ್ನ ಕ್ರೈಂ ಅನಬ್ಯಾಡ್ರಿ

ಅಣ್ಣಾರ ಹೇಳಿದ ಹುಡುಗನ ವಿಷಯ ಓದಿ ನನಗೂ ಸಂಕಟ ಆತು, ನಾನೂ ಸಾಲಿ ಮಾಸ್ತರಣಿ, ಅಂಥಾ ಹುಡುಗ್ರು ನನ್ನ ಕ್ಲಾಸಿನ್ಯಾಗ ಕುಂತು ಹೋದವ್ರ. ಆದ್ರ ಒಬ್ಬರ ಅಂಗಡಿ ಮುಂದ ಕಂಡಿದ್ದನ್ನ ಇಡೀ ಊರಿಗೆ ಹಚ್ಚಬಾರ್ದು. ದೇಶದ ಲೆಕ್ಕ ಹೇಳ್ತೀನಿ, ಕೊಲೆ ಕೇಸು 1992ರಾಗ 40 ಸಾವಿರ ದಾಟಿದ್ವು, 2022ರಾಗ 28,522. ಈ ಮೂವತ್ತು ವರ್ಷದಾಗ ಮಂದಿ ಎಷ್ಟು ಹೆಚ್ಚಾಗ್ಯಾರ ನೋಡ್ರಿ, ಕೇಸು ಕಡಿಮಿ ಆಗ್ಯಾವು. ಗಾಯ ಮುಚ್ಚಿಡಬಹುದು, ಹೆಣ ಮುಚ್ಚಿಡೋದು ಅಷ್ಟು ಸುಲಭ ಅಲ್ಲ, ಅದಕ್ಕ ಕೊಲೆ ಲೆಕ್ಕಾನ ಹೆಚ್ಚು ನಂಬಬಹುದು.

ಲಕ್ಷ ಮಂದಿಗೆ 2.1 ಅಂತ 2022ರ ಕೊಲೆ ರೇಟ್. 2011ರ ಜನಗಣತಿ ಪ್ರಕಾರ ಗದಗ-ಬೆಟಗೇರಿ ಕೂಡಿ ಸುಮಾರು 1.72 ಲಕ್ಷ, ಅಂದ್ರ ದೇಶದ ಸರಾಸರಿ ಹಿಡದ್ರ ವರ್ಷಕ್ಕ ಮೂರೋ ನಾಕೋ. ಇಂಥಾ ಸಣ್ಣ ಊರಾಗ ಒಂದು ವರ್ಷ ಮೂರು ಆಗಿ ಮುಂದಿನ ವರ್ಷ ಆರು ಆದ್ರ ಪೇಪರ್‌ನವ್ರು ದುಪ್ಪಟ್ಟು ಅಂತ ಹೆಡ್ಡಿಂಗ್ ಹಾಕ್ತಾರ, ಅದರ ಮುಂದಿನ ವರ್ಷ ಎರಡಕ್ಕ ಇಳದ್ರ ಯಾರೂ ಬರಿಯೋದುಲ್ಲ. ಹತ್ತು ವರ್ಷದ ಲೆಕ್ಕ ಒಟ್ಟಿಗೆ ಇಟ್ಟು ನೋಡದ ಏರೇತೋ ಇಳದೇತೋ ಹೇಳಾಕ ಬರೂದುಲ್ಲ.

ದಾಸರ ಓಣಿ ಘಟನೆ ಆದ ದಿನ ನಮ್ಮ ಓಣ್ಯಾಗ ಎಲ್ಲಾರೂ ಹೊರಗಿನ ದರೋಡೆಕೋರರು ಬಂದಾರ ಅಂತ ಬಾಗಲಕ್ಕ ಎರಡೆರಡು ಚಿಲಕ ಹಾಕಿಸಿದ್ರು, ಹಿಂದಿನ ದಿನಾನ ಹುಬ್ಬಳ್ಳಿ ಕಾಲೇಜಿನ್ಯಾಗ ವಿದ್ಯಾರ್ಥಿನಿ ಕೊಲೆ ಆಗಿತ್ತಲ್ಲ, ಹೆದರಿಕಿ ಡಬಲ್ ಆತು. ಒಂದು ವಾರದೊಳಗ ಪೊಲೀಸ್ರು ಏನು ಹೇಳಿದ್ರು? ಆ ಮನಿ ಹಿರೇ ಮಗನ ಸುಪಾರಿ ಕೊಟ್ಟಾನ ಅಂತ. ಹುಬ್ಬಳ್ಳಿ ಕೇಸಿನ್ಯಾಗ ಹಿಡದಿದ್ದೂ ಪರಿಚಯದ ಹುಡುಗನ್ನ. 2022ರ ದೇಶದ ಲೆಕ್ಕದಾಗೂ ಕೊಲೆಗೆ ದೊಡ್ಡ ಕಾರಣ ಜಗಳ-ತಂಟೆ, 9,962 ಕೇಸು. ಎರಡು ಚಿಲಕದ ಒಳಗ ಇರೋರ ನಡುವಿನ ಸಿಟ್ಟಿಗೆ ಆ ಚಿಲಕ ಏನು ಮಾಡ್ತೈತ್ರಿ?

ಇನ್ನೊಂದು. ನಮ್ಮವ್ವನ ಕಾಲದಾಗ ಗಂಡ ಬಡದ್ರ ಹೆಣ್ಮಕ್ಕಳು ಸೆರಗು ಹೊದ್ದು ತವರಿಗೆ ಹೋಗಿ ನಾಕು ದಿನ ಇದ್ದು ಬರ್ತಿದ್ರು, ಯಾವ ಪುಸ್ತಕದಾಗೂ ಬರೀತಿರಲಿಲ್ಲ. ಈಗ 112ಕ್ಕ ಫೋನ್ ಮಾಡ್ತಾರ, ಕಂಪ್ಲೇಂಟ್ ಕೊಡ್ತಾರ, ಕೇಸು ಹೆಚ್ಚಾಗ್ತಾವು. ಅದಕ್ಕ ಊರು ಕೆಡ್ತು ಅಂತೀರೇನು? ನಾನಂತೂ ಅನ್ನೂದುಲ್ಲ, ಅವ್ರು ಬಾಯಿ ತಗದಿದ್ದು ನನಗ ಖುಷಿನ.

ಹೆದರಿಕಿ ಬಿಲ್ ಯಾರು ಕಟ್ತಾರ ಅನ್ನೋದ ನನ್ನ ಸಿಟ್ಟು. ಆ ಏಪ್ರಿಲ್‌ದಾಗ ವಾಟ್ಸಾಪ್‌ನ್ಯಾಗ ಬಂದಿದ್ದನ್ನೆಲ್ಲ ನೋಡಿ ನಮ್ಮನಿಯವ್ರು ಮಗಳ ಸಂಜಿ ಟ್ಯಾಲಿ ಕ್ಲಾಸ್ ಬಿಡಿಸಿದ್ರು. ಮಗ ಮಾತ್ರ ರಾತ್ರಿ ಹತ್ತರ ತನಕ ಟಾಂಗಾಕೂಟದ ಕಡೆ ತಿರಗತಾನ, ಅಂವಗ ಯಾರೂ ಕೇಳಂಗಿಲ್ಲ, ಚಾಕುವಿನ ಜಗಳಾ ಹತ್ತೋದು ಅವನ ವಯಸ್ಸಿನ ಹುಡುಗ್ರ ನಡುವನ ಅಂತ ಮ್ಯಾಲಿನ ಅಣ್ಣಾರ ಹೇಳ್ಯಾರ! ಅಕಿ ಎರಡು ತಿಂಗಳ ಕಿಡಕಿ ಹತ್ರ ಕುಂತು ಪುಸ್ತಕ ತಿರುವಿ ಹಾಕಿದ್ಲು. ನಾನ ಹೋಗಿ ಫೀ ಹೊಳ್ಳಿ ಕಟ್ಟಿ ಬಂದೆ. ಏಳೂವರಿಗೆ ಬಿಡ್ತಾರ, ಬೆಟಗೇರಿ ಕಡೆ ಹೋಗೋ ಹುಡುಗ್ಯಾರು ಮೂವರು ಕೂಡಿ ಬರ್ತಾರ.